ಡೆಂಟಲ್ ಚೇರ್‌ನ ಯಾಂತ್ರಿಕ ವಿನ್ಯಾಸ: ರೋಗಿಯ ಬಾಯಿಯಿಂದ ಬೇಸ್ ಪ್ಲೇಟ್‌ವರೆಗೆ

ದಂತವೈದ್ಯರ ಕುರ್ಚಿಯನ್ನು ವಿನ್ಯಾಸ ಮಾಡಲು ಕುಳಿತ ಎಂಜಿನಿಯರ್ ಸಾಮಾನ್ಯವಾಗಿ ಮೊದಲು ಕೈಹಾಕುವುದು ಲಿಫ್ಟ್‌ಗೆ. ಎಷ್ಟು ತೂಕ ಎತ್ತಬೇಕು, ಮೋಟಾರು ಎಷ್ಟರದ್ದಿರಬೇಕು, ಬೇಸ್ ಎಷ್ಟು ದಪ್ಪವಿರಬೇಕು ಎಂಬ ಲೆಕ್ಕದಿಂದ ಆರಂಭಿಸಿ, ಮೇಲೆ ಮೇಲೆ ಹೋಗುತ್ತಾ, ಕೊನೆಗೊಂದು ಹೆಡ್‌ರೆಸ್ಟ್ ಜೋಡಿಸಿದರೆ ಕುರ್ಚಿ ಮುಗಿಯಿತು ಎನ್ನುವ ಕ್ರಮ ರೂಢಿಯಲ್ಲಿದೆ. ಈ ಕ್ರಮದಲ್ಲಿ ಹುಟ್ಟಿದ ಕುರ್ಚಿ ತೂಕವನ್ನೇನೋ ಎತ್ತುತ್ತದೆ. ಆದರೆ ವೈದ್ಯರು ಕೆಲಸ ಮಾಡುವುದು ರೋಗಿಯ ಬಾಯಿಯಲ್ಲಿ, ಅದೂ ಮಿಲಿಮೀಟರಿನ ಹತ್ತನೇ ಒಂದು ಭಾಗದ ನಿಖರತೆಯಲ್ಲಿ. ಆದ್ದರಿಂದ ಕುರ್ಚಿಯ ಪ್ರತಿಯೊಂದು ಕೀಲು, ಪಿನ್ ಮತ್ತು ಬೋಲ್ಟ್‌ನ ನಿರ್ಧಾರವೂ ಬಾಯಿ ಎಲ್ಲಿರಬೇಕು, ಅಲ್ಲಿ ಎಷ್ಟು ಅಲುಗಾಡದೆ ನಿಲ್ಲಬೇಕು ಎಂಬ ಪ್ರಶ್ನೆಯಿಂದಲೇ ಹೊರಡಬೇಕು ಎಂಬುದು ನನ್ನ ನಿಲುವು. ಕೆಳಗಿನ ಕ್ರಮವೂ ಹಾಗೆಯೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಉದಾಹರಣೆಯಾಗಿ ತೆಗೆದುಕೊಂಡಿರುವುದು 24 ವೋಲ್ಟ್ ಡಿ.ಸಿ. ಮೋಟಾರು ಮತ್ತು ಸ್ಕ್ರೂ ತಿರುಗಿದಂತೆ ಉದ್ದಕ್ಕೆ ಚಾಚಿ ತಳ್ಳುವ ಆ್ಯಕ್ಚುಯೇಟರ್‌ಗಳಿಂದ ನಡೆಯುವ, ಸಮಾನಾಂತರ ಚತುರ್ಭುಜದ ಲಿಫ್ಟ್ ಇರುವ ಕುರ್ಚಿ.

ಇತಿಹಾಸದ ಎರಡು ಮಾತು ಇಲ್ಲಿ ಅಗತ್ಯ. 1790ರಲ್ಲಿ ಅಮೆರಿಕದ ಜೊಸಾಯಾ ಫ್ಲಾಗ್ ಸಾದಾ ವಿಂಡ್ಸರ್ ಕುರ್ಚಿಗೆ ಹೊಂದಿಸಬಹುದಾದ ತಲೆಯಾಸರೆಯನ್ನೂ ಉಪಕರಣ ಇಡುವ ತೋಳನ್ನೂ ಜೋಡಿಸಿದರು. 1832ರಲ್ಲಿ ಜೇಮ್ಸ್ ಸ್ನೆಲ್ ಹಿಂದಕ್ಕೆ ಒರಗುವ ಕುರ್ಚಿಯನ್ನು ತಂದರು. 1877ರ ವಿಲ್ಕರ್ಸನ್ ಕುರ್ಚಿಯಲ್ಲಿ ಪಂಪ್ ಒತ್ತಿ ಎತ್ತುವ ಹೈಡ್ರಾಲಿಕ್ ಲಿಫ್ಟ್ ಬಂತು. ಅಲ್ಲಿಯವರೆಗೂ, ಆಮೇಲೂ ಬಹುಕಾಲ, ರೋಗಿ ಕುಳಿತಿರುತ್ತಿದ್ದರು, ವೈದ್ಯರು ನಿಂತಿರುತ್ತಿದ್ದರು. ಪೂರ್ತಿಯಾಗಿ ಮಲಗಿಸುವ ಕುರ್ಚಿ 1958ರಲ್ಲಿ ಬಂದ ಮೇಲೆ ರೋಗಿ ಮಲಗಿದರು, ವೈದ್ಯರು ಕುಳಿತರು. ಇಂದಿನ ಕುರ್ಚಿಯ ಯಾಂತ್ರಿಕ ಸಮಸ್ಯೆಗಳಲ್ಲಿ ಬಹುಪಾಲು ಈ ಬದಲಾವಣೆಯಿಂದಲೇ ಹುಟ್ಟಿದವು: ಬೆನ್ನಾಸರೆ ಉದ್ದನೆಯ, ಒಂದೇ ತುದಿಯಲ್ಲಿ ಹಿಡಿದ ಹಲಗೆಯಾಯಿತು, ಅದರ ಕೆಳಗೆ ವೈದ್ಯರ ತೊಡೆಗಳಿಗೆ ಜಾಗ ಬೇಕಾಯಿತು.

ಮೊದಲ ಕೆಲಸ: ಬಾಯಿಯ ಎತ್ತರವನ್ನು ನಿಗದಿ ಮಾಡುವುದು

ವೈದ್ಯರು ಸ್ಟೂಲಿನ ಮೇಲೆ ಕುಳಿತು, ಭುಜ ಎತ್ತದೆ, ಮೊಣಕೈಯನ್ನು ದೇಹದ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಬೇಕಾದರೆ ರೋಗಿಯ ಬಾಯಿ ಅವರ ಮೊಣಕೈಯ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬರಬೇಕು. ಎತ್ತರದ ವೈದ್ಯರಿಗೂ ಗಿಡ್ಡನೆಯ ವೈದ್ಯರಿಗೂ, ಕುಳಿತು ಮಾಡುವ ಕೆಲಸಕ್ಕೂ ನಿಂತು ಹಲ್ಲು ಕೀಳುವ ಕೆಲಸಕ್ಕೂ ಹೊಂದುವಂತೆ ನೋಡಿದರೆ ಆಸನದ ಮೇಲ್ಮೈ ನೆಲದಿಂದ ಸುಮಾರು 400 ಮಿ.ಮೀ.ನಿಂದ 800 ಮಿ.ಮೀ.ವರೆಗೆ ಏರಿಳಿದರೆ ಸಾಕು. ತಗ್ಗಿನ ಮಟ್ಟವನ್ನು ನಿರ್ಧರಿಸುವವರು ವೈದ್ಯರಲ್ಲ, ವಯಸ್ಸಾದ ರೋಗಿಗಳು. ಮಂಡಿನೋವಿರುವವರು ಕುರ್ಚಿಗೆ ಹತ್ತಬೇಕೇ ಹೊರತು ಏಣಿಗಲ್ಲ, 450 ಮಿ.ಮೀ. ದಾಟಿದ ಕುರ್ಚಿಯಲ್ಲಿ ಗಿಡ್ಡನೆಯವರ ಪಾದ ನೆಲಕ್ಕೆ ಎಟುಕುವುದಿಲ್ಲ.

ಬೆನ್ನಾಸರೆಯ ದಪ್ಪವನ್ನೂ ಈ ಹಂತದಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಮಲಗಿದ ರೋಗಿಯ ಬಾಯಿಗೂ ಕುಳಿತ ವೈದ್ಯರ ತೊಡೆಗೂ ನಡುವೆ ಇರುವ ಅಂತರ ಬಹಳ ಕಡಿಮೆ. ಅದರಲ್ಲಿ ರೋಗಿಯ ತಲೆ, ಕುಶನ್, ಲೋಹದ ಚೌಕಟ್ಟು ಎಲ್ಲವೂ ಹಿಡಿಯಬೇಕು. ಭುಜದಿಂದ ಮೇಲಕ್ಕೆ ಕುಶನ್ ಸೇರಿ 50ರಿಂದ 60 ಮಿ.ಮೀ. ದಪ್ಪವನ್ನು ಮೀರದಂತೆ ನೋಡಿಕೊಂಡು, ಸೊಂಟದ ಕಡೆಗೆ ಬರುತ್ತಾ ದಪ್ಪವನ್ನು ಹೆಚ್ಚಿಸುವುದು ಸರಿಯಾದ ದಾರಿ. ಬಾಗುವ ಒತ್ತಡ ಹೆಚ್ಚಿರುವುದೂ ಕೀಲಿನ ಬಳಿಯೇ ಆದ್ದರಿಂದ ಇದರಲ್ಲಿ ಬಲಕ್ಕೆ ನಷ್ಟವಿಲ್ಲ.

ಬೆನ್ನಾಸರೆಯ ಕೀಲು ಎಲ್ಲಿರಬೇಕು

ಇಡೀ ಕುರ್ಚಿಯಲ್ಲಿ ಅತಿ ಹೆಚ್ಚು ಯೋಚನೆ ಬೇಡುವ, ಆದರೆ ಅತಿ ಕಡಿಮೆ ಯೋಚನೆ ಪಡೆಯುವ ಸ್ಥಳ ಇದು. ಮನುಷ್ಯನ ಮುಂಡ ತಿರುಗುವುದು ಸೊಂಟದ ಕೀಲಿನ ಸುತ್ತ. ಕುಳಿತಾಗ ಈ ಕೀಲು ಆಸನದ ಒತ್ತಿದ ಮೇಲ್ಮೈಯಿಂದ ಸುಮಾರು 90ರಿಂದ 100 ಮಿ.ಮೀ. ಮೇಲೆ, ಬೆನ್ನಿನ ಹಿಂಬದಿಯಿಂದ ಸುಮಾರು 120 ಮಿ.ಮೀ. ಮುಂದೆ ಇರುತ್ತದೆ. ಬೆನ್ನಾಸರೆಯ ಪಿನ್ನನ್ನಾದರೋ ತಯಾರಿಕೆಗೆ ಸುಲಭವೆಂದು ಆಸನದ ಕೆಳಗೆ, ಹಿಂಬದಿಯಲ್ಲಿ ಇಡುತ್ತಾರೆ. ಎರಡು ಕೇಂದ್ರಗಳು ಬೇರೆಯಾದ ಕೂಡಲೇ ಬೆನ್ನು ಒಂದು ವೃತ್ತದಲ್ಲಿ, ಬೆನ್ನಾಸರೆ ಇನ್ನೊಂದು ವೃತ್ತದಲ್ಲಿ ಚಲಿಸುತ್ತವೆ.

ಇದರ ಪರಿಣಾಮವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಎರಡು ಕೇಂದ್ರಗಳ ನಡುವಿನ ಅಂತರ ‘ಅ’ ಎಂದೂ ಒರಗಿದ ಕೋನ ‘ಕೋ’ ಎಂದೂ ಇಟ್ಟುಕೊಂಡರೆ, ಬೆನ್ನಿಗೂ ಬೆನ್ನಾಸರೆಗೂ ನಡುವೆ ಉಂಟಾಗುವ ಸರಿತ 2 × ಅ × ಸೈನ್ (ಕೋ/2). ಪಿನ್ ಸೊಂಟದ ಕೀಲಿನಿಂದ 150 ಮಿ.ಮೀ. ದೂರದಲ್ಲಿದ್ದು, ಬೆನ್ನಾಸರೆ 70 ಡಿಗ್ರಿ ಒರಗಿದರೆ ಈ ಸರಿತ 172 ಮಿ.ಮೀ. ಆಗುತ್ತದೆ. ಪಿನ್ ಕೆಳಗೆ ಮತ್ತು ಹಿಂದೆ ಇರುವಾಗ ಇದರಲ್ಲಿ ಬಹುತೇಕ ಎಲ್ಲವೂ ಬೆನ್ನಿನ ಉದ್ದಕ್ಕೇ ಬೀಳುತ್ತದೆ. ಅಂದರೆ ಕುರ್ಚಿ ಒರಗುತ್ತಿದ್ದಂತೆ ಹೆಡ್‌ರೆಸ್ಟ್ ತಲೆಯನ್ನು ಬಿಟ್ಟು ಅಂಗೈ ಅಗಲಕ್ಕಿಂತ ಹೆಚ್ಚು ಮುಂದೆ ಓಡುತ್ತದೆ, ರೋಗಿಯ ಅಂಗಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮತ್ತೆ ಎಬ್ಬಿಸುವಾಗ ಅದೇ ಹೆಡ್‌ರೆಸ್ಟ್ ತಲೆಯನ್ನು ಕೆಳಕ್ಕೆ ಅದುಮುತ್ತದೆ. ಪ್ರತಿ ರೋಗಿಗೂ “ಸ್ವಲ್ಪ ಮೇಲಕ್ಕೆ ಸರಿಯಿರಿ” ಎಂದು ಹೇಳುವ ಕ್ಲಿನಿಕ್‌ನಲ್ಲಿ ದೋಷ ರೋಗಿಯದ್ದಲ್ಲ, ಪಿನ್ನಿನದ್ದು.

ಪರಿಹಾರಗಳು ಮೂರು ಬಗೆಯವು. ಆಸನದ ಎರಡೂ ಬದಿಯಲ್ಲಿ ತೋಳಾಸರೆಯ ಬುಡದ ಹತ್ತಿರ, ಸೊಂಟದ ಕೀಲಿನ ಮಟ್ಟದಲ್ಲಿಯೇ, ಪಿನ್‌ಗಳನ್ನು ಕೂರಿಸುವುದು ಅತ್ಯಂತ ನೇರವಾದ ಪರಿಹಾರ; ಆದರೆ ಪಕ್ಕದಿಂದ ಹತ್ತುವ ರೋಗಿಗೆ ಆ ಉಬ್ಬು ಅಡ್ಡ ಬರುತ್ತದೆ. ಪಿನ್ನಿನ ಬದಲು ಸೊಂಟದ ಕೀಲನ್ನೇ ಕೇಂದ್ರವಾಗಿಟ್ಟುಕೊಂಡು ಕೊರೆದ ವೃತ್ತಖಂಡದ ಹಳಿಯ ಮೇಲೆ ಬೆನ್ನಾಸರೆಯ ಉರುಳೆಗಳು ಸಾಗುವಂತೆ ಮಾಡುವುದು ಎರಡನೆಯದು. ಇದರಲ್ಲಿ ಬದಿಗಳು ತೆರವಾಗಿರುತ್ತವೆ, ಆದರೆ ಹಳಿಯ ಮೇಲೆ ದೂಳು ಮತ್ತು ಉರುಳೆಗಳ ಸವೆತದಿಂದ ಕೆಲವೇ ವರ್ಷಗಳಲ್ಲಿ ಅಲುಗಾಟ ಬರಬಹುದು. ಮೂರನೆಯದರಲ್ಲಿ ಪಿನ್ ಕೆಳಗೇ ಇರುತ್ತದೆ. ಒರಗುವಾಗ ಒಂದು ಸಣ್ಣ ಕೊಂಡಿ ಬೆನ್ನಾಸರೆಯ ಮೇಲ್ಪದರವನ್ನು ಅಷ್ಟೇ ಪ್ರಮಾಣದಲ್ಲಿ ಕೆಳಕ್ಕೆ ಎಳೆಯುತ್ತದೆ. ಸಾಮಾನ್ಯ ವರ್ಕ್‌ಶಾಪಿನಲ್ಲಿ ಲೇತ್, ಮಿಲ್ಲಿಂಗ್ ಮತ್ತು ಬೋರಿಂಗ್‌ನಿಂದಲೇ ಮಾಡಬಹುದಾದುದು ಮೊದಲನೆಯದು ಮತ್ತು ಮೂರನೆಯದು. ನಾನು ಆರಿಸುವುದು ಮೊದಲನೆಯದನ್ನೇ: ಒಂದು ಬದಿಯ ತೋಳಾಸರೆಯನ್ನು ಹಿಂದಕ್ಕೆ ತಿರುಗಿಸಬಹುದಾದಂತೆ ಮಾಡಿದರೆ ಹತ್ತುವ ತೊಡಕು ಕಡಿಮೆಯಾಗುತ್ತದೆ.

ಮಾದರಿ ತಯಾರಾದ ದಿನವೇ ಇದನ್ನು ಪರೀಕ್ಷಿಸಬೇಕು. ಅಂಗಿ ಸರಿಯಾಗಿ ಇಳಿಬಿಟ್ಟ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಅವರ ಭುಜದ ಬದಿಯಲ್ಲಿ ಅಂಗಿಯ ಮೇಲೆ ಒಂದು ತುಂಡು ಪೇಪರ್ ಟೇಪ್, ಅದರ ಪಕ್ಕದಲ್ಲೇ ಬೆನ್ನಾಸರೆಯ ರೆಕ್ಸಿನ್ ಮೇಲೆ ಇನ್ನೊಂದು ತುಂಡು ಅಂಟಿಸಿ, ಎರಡಕ್ಕೂ ಸೇರಿ ಪೆನ್ನಿನಿಂದ ನೇರ ಗೆರೆ ಎಳೆಯಬೇಕು. ಪೂರ್ತಿ ಒರಗಿಸಿದ ಮೇಲೆ ಗೆರೆಯ ಎರಡು ತುಂಡುಗಳ ನಡುವಿನ ಅಂತರವನ್ನು ಅಳೆದರೆ ಸರಿತ ಸಿಕ್ಕುತ್ತದೆ. 20 ಮಿ.ಮೀ. ಒಳಗಿದ್ದರೆ ಒಪ್ಪಬಹುದು, ಅದನ್ನು ಮೀರಿದರೆ ಕುಶನ್ ಬದಲಿಸಿ ಸಮಾಧಾನಪಟ್ಟುಕೊಳ್ಳದೆ ಪಿನ್ನಿನ ಸ್ಥಾನವನ್ನೇ ಬದಲಿಸಬೇಕು. ಎತ್ತರದವರೊಬ್ಬರು, ಗಿಡ್ಡನೆಯವರೊಬ್ಬರು ಇಬ್ಬರನ್ನೂ ಕೂರಿಸಿ ನೋಡುವುದು ಒಳ್ಳೆಯದು.

ಬೆನ್ನಾಸರೆ ಒರಗುವಾಗ ಆಸನದ ಮುಂಭಾಗವೂ 10ರಿಂದ 15 ಡಿಗ್ರಿಯಷ್ಟು ಮೇಲಕ್ಕೆ ಏಳುವಂತೆ ಮಾಡಬೇಕು. ಇಲ್ಲವಾದರೆ ರೋಗಿ ನಿಧಾನವಾಗಿ ಕಾಲಿನ ಕಡೆಗೆ ಜಾರುತ್ತಾರೆ, ಬಾಯಿಯೂ ಜೊತೆಗೆ ಜಾರುತ್ತದೆ. ಇದಕ್ಕೆ ಪ್ರತ್ಯೇಕ ಮೋಟಾರು ಅನಗತ್ಯ. ಬೆನ್ನಾಸರೆಯ ತೋಳಿನಿಂದ ಆಸನಕ್ಕೆ ಒಂದು ಕೊಂಡಿ ಸಾಕು. ಪ್ರಜ್ಞೆ ತಪ್ಪಿದ ರೋಗಿಯನ್ನು ತಲೆ ತಗ್ಗು, ಕಾಲು ಎತ್ತರ ಇರುವ ಸ್ಥಿತಿಗೆ ಬೇಗ ತರಲೂ ಇದೇ ಕೊಂಡಿ ನೆರವಾಗುತ್ತದೆ.

ಬೆನ್ನಾಸರೆಯ ಮೇಲೆ ಬೀಳುವ ಬಲ

ವೈದ್ಯಕೀಯ ವಿದ್ಯುತ್ ಸಾಧನಗಳ ಐಇಸಿ 60601-1 ಮಾನದಂಡ ರೋಗಿಯ ತೂಕವನ್ನು ಸಾಮಾನ್ಯವಾಗಿ 135 ಕೆ.ಜಿ. ಎಂದು ಹಿಡಿಯುತ್ತದೆ, ಡೆಂಟಲ್ ಯೂನಿಟ್ ಮತ್ತು ಕುರ್ಚಿಗಳಿಗೆಂದೇ ಇರುವ ಮಾನದಂಡ ಐಎಸ್‌ಒ 7494-1. ಮುಂಡ, ತಲೆ, ತೋಳು ಸೇರಿ ದೇಹದ ತೂಕದ ಸುಮಾರು 68 ಪ್ರತಿಶತ ಎಂದರೆ 92 ಕೆ.ಜಿ. ಅದರ ಗುರುತ್ವಕೇಂದ್ರ ಕೀಲಿನಿಂದ 310 ಮಿ.ಮೀ. ದೂರದಲ್ಲಿದೆ ಎಂದುಕೊಂಡರೆ, ಅಡ್ಡಲಾಗಿ ಮಲಗಿದ ಸ್ಥಿತಿಯಲ್ಲಿ ತಿರುಗುಬಲ 280 ನ್ಯೂಟನ್-ಮೀಟರ್. ಬೆನ್ನಾಸರೆಯ ಸ್ವಂತ ತೂಕ 20 ಕೆ.ಜಿ., ಅದರ ಕೇಂದ್ರ 400 ಮಿ.ಮೀ.ನಲ್ಲಿ ಎಂದರೆ ಇನ್ನೂ 78. ಒಟ್ಟು ಸುಮಾರು 358 ನ್ಯೂಟನ್-ಮೀಟರ್ ಆಯಿತು. ಆ್ಯಕ್ಚುಯೇಟರ್ 90 ಮಿ.ಮೀ. ಸನ್ನೆಯ ಮೇಲೆ (ಅಂದರೆ ಕೀಲಿನಿಂದ 90 ಮಿ.ಮೀ. ದೂರದಲ್ಲಿ) ತಳ್ಳಿದರೆ ಅದರ ಮೇಲಿನ ಬಲ ಸುಮಾರು 4,000 ನ್ಯೂಟನ್.

ಇಷ್ಟಕ್ಕೇ ನಿಲ್ಲುವ ಲೆಕ್ಕ ಅಪಾಯಕಾರಿ. ಹೃದಯಸ್ತಂಭನವಾದ ರೋಗಿಗೆ ಕುರ್ಚಿಯಲ್ಲಿಯೇ ಎದೆ ಒತ್ತಬೇಕಾದ ಸಂದರ್ಭ ಬರಬಹುದು. ವಯಸ್ಕರ ಎದೆಯನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಒತ್ತುವ ಬಲ ಸುಮಾರು 500 ನ್ಯೂಟನ್ ಎಂದು ಹಿಡಿದರೆ ಕೀಲಿನ ಮೇಲೆ ಇನ್ನೂ 200 ನ್ಯೂಟನ್-ಮೀಟರ್ ಸೇರುತ್ತದೆ. ಚೌಕಟ್ಟು ಮುರಿಯುವುದಿಲ್ಲ ಎನ್ನುವುದಷ್ಟೇ ಇಲ್ಲಿ ಸಾಲದು. ಬೆನ್ನಾಸರೆ ಪ್ರತಿ ಒತ್ತಿಗೂ 3 ಸೆಂ.ಮೀ. ಬಾಗಿದರೆ ಒತ್ತಿದ್ದು ಎದೆಯನ್ನಲ್ಲ, ಕುರ್ಚಿಯನ್ನು. ಹೀಗಾಗಿಯೇ ಅಂಥ ಸಮಯದಲ್ಲಿ ಬೆನ್ನಾಸರೆಯ ಕೆಳಗೆ ಸ್ಟೂಲನ್ನು ಆಧಾರವಾಗಿ ತಳ್ಳುವ ಕ್ರಮವಿದೆ. ವಿನ್ಯಾಸಕಾರರು ಆ ಸ್ಟೂಲು ತಾಗುವ ಜಾಗದಲ್ಲಿ ಚೌಕಟ್ಟಿಗೆ ಚಪ್ಪಟೆಯಾದ ಗಟ್ಟಿ ಮೇಲ್ಮೈ ಕೊಡಬೇಕು, ಪ್ಲಾಸ್ಟಿಕ್ ಕವರ್ ಮಾತ್ರ ಬಿಟ್ಟರೆ ಅದು ಒಡೆಯುತ್ತದೆ.

ಹೆಡ್‌ರೆಸ್ಟ್

ಹೆಡ್‌ರೆಸ್ಟ್‌ಗೆ ಎರಡು ಚಲನೆ ಬೇಕು. ಮಗುವಿನಿಂದ ವಯಸ್ಕರವರೆಗೆ ಹೊಂದಲು 150ರಿಂದ 200 ಮಿ.ಮೀ. ಉದ್ದಕ್ಕೆ ಜಾರುವ ಪಟ್ಟಿ ಒಂದು. ಮೇಲಿನ ದವಡೆಗೆ ಗಲ್ಲ ಎತ್ತಿ, ಕೆಳಗಿನ ದವಡೆಗೆ ಗಲ್ಲ ತಗ್ಗಿಸಿ ಇಡಲು ಎರಡು ಕೀಲುಗಳ ಬಾಗು ಇನ್ನೊಂದು. ಎರಡು ಕೀಲುಗಳನ್ನೂ ಒಂದೇ ಲಿವರ್‌ನಿಂದ, ಒಂದೇ ಕೈಯಲ್ಲಿ ಬಿಗಿಮಾಡುವಂತಿರಬೇಕು. ವೈದ್ಯರ ಇನ್ನೊಂದು ಕೈಯಲ್ಲಿ ರೋಗಿಯ ತಲೆ ಇರುತ್ತದೆ. ಹಲ್ಲು ಕೀಳುವಾಗ ಬೀಳುವ ಒತ್ತನ್ನು 250 ನ್ಯೂಟನ್ ಎಂದೂ ಕೀಲಿನಿಂದ ಅದರ ದೂರವನ್ನು 200 ಮಿ.ಮೀ. ಎಂದೂ ಹಿಡಿದರೆ ಬಿಗಿತ 50 ನ್ಯೂಟನ್-ಮೀಟರ್ ತಡೆಯಬೇಕು. ಒಂದೇ ಘರ್ಷಣೆಯ ತಟ್ಟೆಯಿಂದ ಇದು ಸಾಧ್ಯವಾಗುವುದು ಕಷ್ಟ. ಉಕ್ಕು ಮತ್ತು ಫೈಬರ್ ತಟ್ಟೆಗಳನ್ನು ಒಂದರ ಮೇಲೊಂದರಂತೆ ಐದಾರು ಪದರ ಜೋಡಿಸಿದರೆ ಲಿವರ್ ಹಗುರವಾಗಿಯೇ ಉಳಿಯುತ್ತದೆ. ಜಾರುವ ಪಟ್ಟಿಯ ತುದಿಯಲ್ಲಿ ತಡೆ ಇರಲೇಬೇಕು, ಇಲ್ಲವಾದರೆ ಒಂದು ದಿನ ಹೆಡ್‌ರೆಸ್ಟ್ ಪೂರ್ತಿ ಕಳಚಿ ಕೈಗೆ ಬರುತ್ತದೆ.

ಲಿಫ್ಟ್‌ನ ಜ್ಯಾಮಿತಿ

ಈಗ ಲಿಫ್ಟ್‌ಗೆ ಬರಬಹುದು. ಕತ್ತರಿ ಲಿಫ್ಟ್, ಲಂಬವಾದ ಸ್ತಂಭ, ಸಮಾನಾಂತರ ಚತುರ್ಭುಜ ಎಂಬ ಮೂರರಲ್ಲಿ ಕೊನೆಯದು ಡೆಂಟಲ್ ಚೇರ್‌ಗೆ ಹೆಚ್ಚು ಹೊಂದುತ್ತದೆ. ಬೇಸ್ ಮೇಲಿನ ಎರಡು ಪಿನ್, ಆಸನದ ಕೆಳಗಿನ ಎರಡು ಪಿನ್, ಅವುಗಳ ನಡುವೆ ಸಮ ಉದ್ದದ ಎರಡು ಕೊಂಡಿಗಳು. ಆಸನ ಓಲದೆ ಮೇಲೇರುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ರೋಗಿ ಆಸನದ ಮುಂದೆ ಕುಳಿತರೂ ಹಿಂದೆ ಕುಳಿತರೂ ಆಸನದ ಎಲ್ಲ ಬಿಂದುಗಳೂ ಸಮಾನವಾಗಿ ಏರುವುದರಿಂದ ಆ್ಯಕ್ಚುಯೇಟರ್ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಬದಲಾಗುವುದು ಕೊಂಡಿಗಳಲ್ಲಿನ ಎಳೆತ ಮತ್ತು ಒತ್ತಡ ಮಾತ್ರ.

ಕೊಂಡಿಯ ಉದ್ದ 500 ಮಿ.ಮೀ. ಇರಲಿ. 400 ಮಿ.ಮೀ. ಏರಿಕೆಗೆ ಕೊಂಡಿ ಅಡ್ಡಗೆರೆಯಿಂದ 24 ಡಿಗ್ರಿ ಕೆಳಗಿನಿಂದ 24 ಡಿಗ್ರಿ ಮೇಲಕ್ಕೆ ತಿರುಗಿದರೆ ಸಾಕು. ಏರುವಾಗ ಆಸನ ವೃತ್ತದಲ್ಲಿ ಸಾಗುವುದರಿಂದ ಮುಂದೆ ಹಿಂದೆ ಆಗುವ ಚಲನೆ ಆಗ 43 ಮಿ.ಮೀ. ಮಾತ್ರ. ಕಾಗದದ ಮೇಲೆ ಇದು ಉತ್ತಮವಾಗಿ ಕಾಣುತ್ತದೆ. ಆದರೆ ಆಸನದ ಮೇಲಿನ ಪಿನ್ ತಗ್ಗಿನ ಸ್ಥಿತಿಯಲ್ಲಿ ನೆಲದಿಂದ 300 ಮಿ.ಮೀ.ನಲ್ಲಿದ್ದರೆ, ಬೇಸ್ ಮೇಲಿನ ಪಿನ್ 503 ಮಿ.ಮೀ. ಎತ್ತರಕ್ಕೆ ಹೋಗಬೇಕಾಗುತ್ತದೆ, ಅಂದರೆ ಇಳಿದ ಆಸನಕ್ಕಿಂತ 100 ಮಿ.ಮೀ. ಮೇಲೆ ಒಂದು ಗೂಟ ಎದ್ದು ನಿಲ್ಲುತ್ತದೆ. ಅದಕ್ಕೆ ಕಾಲಾಸರೆಯೂ ಬಡಿಯುತ್ತದೆ, ಮಂಡಿಯೂ ಬಡಿಯುತ್ತದೆ. 10 ಡಿಗ್ರಿ ಕೆಳಗಿನಿಂದ 40 ಡಿಗ್ರಿ ಮೇಲಕ್ಕೆ ತಿರುಗಿಸಿದರೆ ಏರಿಕೆ 408 ಮಿ.ಮೀ. ಸಿಕ್ಕುತ್ತದೆ, ಬೇಸ್ ಪಿನ್ 387 ಮಿ.ಮೀ.ಗೆ ಇಳಿಯುತ್ತದೆ, ಅದಕ್ಕೆ ತೆರುವ ಬೆಲೆ ಎಂದರೆ ಆಸನ 117 ಮಿ.ಮೀ. ಮುಂದೆ ಹಿಂದೆ ಸರಿಯುವುದು. ದೀಪ, ಟ್ರೇ, ಸ್ಪಿಟೂನ್ (ಉಗುಳುವ ಬಟ್ಟಲು) ಎಲ್ಲವೂ ಕುರ್ಚಿಯ ಮೇಲೆಯೇ ಜೋಡಣೆಯಾಗಿದ್ದರೆ ಈ ಸರಿತ ಯಾರಿಗೂ ತೊಂದರೆ ಕೊಡುವುದಿಲ್ಲ. ದೀಪ ಛಾವಣಿಯಿಂದ ಇಳಿದಿದ್ದರೆ, ಸ್ಪಿಟೂನ್ ನೆಲಕ್ಕೆ ಕೂರಿಸಿದ್ದರೆ ಮಾತ್ರ ಪ್ರತಿ ಎತ್ತರಕ್ಕೂ ಅವುಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹೀಗಾಗಿ ಟ್ರೇ ಮತ್ತು ದೀಪದ ಜೋಡಣೆ ಎಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೊಂಡಿಯ ಕೋನವನ್ನು ಅಂತಿಮಗೊಳಿಸಬಾರದು.

ಸ್ಕ್ರೂ, ನಟ್, ಮೋಟಾರು

ರೋಗಿ 135 ಕೆ.ಜಿ., ಏರುವ ಭಾಗ 75 ಕೆ.ಜಿ., ಒಟ್ಟು 210 ಕೆ.ಜಿ. ಎಂದರೆ 2,060 ನ್ಯೂಟನ್ ಭಾರ. 160 ಮಿ.ಮೀ. ಚಾಚುವ ಆ್ಯಕ್ಚುಯೇಟರ್ ಅದನ್ನು 400 ಮಿ.ಮೀ. ಏರಿಸಬೇಕಾದರೆ ಸರಾಸರಿ 5,150 ನ್ಯೂಟನ್ ತಳ್ಳಬೇಕು. ಸರಾಸರಿಯನ್ನು ನೋಡಿ ಆ್ಯಕ್ಚುಯೇಟರ್ ಕೊಳ್ಳುವಂತಿಲ್ಲ. ಕೊಂಡಿ ಅಡ್ಡಲಾಗಿರುವಾಗ ತಿರುಗುಬಲ ಅತ್ಯಧಿಕ, ಅಂದರೆ 1,030 ನ್ಯೂಟನ್-ಮೀಟರ್. ಆ ಕ್ಷಣದಲ್ಲಿ ಸನ್ನೆ 150 ಮಿ.ಮೀ. ಇದ್ದರೆ ಬಲ 6,900 ನ್ಯೂಟನ್‌ಗೆ ಹತ್ತಿರವಾಗುತ್ತದೆ. ಆ್ಯಕ್ಚುಯೇಟರ್‌ನ ತುದಿಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಈ ಕ್ಷಣದಲ್ಲಿಯೇ ಸನ್ನೆ ಅತಿ ಉದ್ದವಾಗಿರುವಂತೆ ಆರಿಸಬೇಕು. ಪಿನ್ ತಿರುಗುವ ಕೊಳವೆಗಳ, ಅಂದರೆ ಬುಷ್‌ಗಳ ಘರ್ಷಣೆ ಸೇರಿಸಿ 8,000 ನ್ಯೂಟನ್‌ನದ್ದನ್ನು ಇಟ್ಟುಕೊಳ್ಳುವುದು ಸೂಕ್ತ.

ಸ್ಕ್ರೂಗೆ ಟ್ರಪೆಜಾಯ್ಡಲ್ ಮರೆ (ಥ್ರೆಡ್) ಇರುವ ಟಿಆರ್ 20×4, ಅಂದರೆ 20 ಮಿ.ಮೀ. ವ್ಯಾಸ, ಸುತ್ತಿಗೆ 4 ಮಿ.ಮೀ. ಏರಿಕೆ ಇರುವುದು, ಸಾಕಾಗುತ್ತದೆ. ಮಧ್ಯವ್ಯಾಸ 18 ಮಿ.ಮೀ. ಇರುವಾಗ ಮರೆಯ ಏರುಕೋನ ಸುಮಾರು 4 ಡಿಗ್ರಿ. ಘರ್ಷಣಾಂಕ 0.12 ಎಂದರೆ ಘರ್ಷಣಾಕೋನ ಸುಮಾರು 7 ಡಿಗ್ರಿ. ಏರುಕೋನ ಘರ್ಷಣಾಕೋನಕ್ಕಿಂತ ಕಡಿಮೆ ಇರುವುದರಿಂದ ಕರೆಂಟ್ ಹೋದರೂ ಕುರ್ಚಿ ತಾನಾಗಿ ಇಳಿಯುವುದಿಲ್ಲ. ಮರೆಯಲ್ಲಿ ಗುಂಡುಗಳು ಉರುಳುವ ಬಾಲ್ ಸ್ಕ್ರೂನಲ್ಲಿ ಈ ಗುಣವಿಲ್ಲ, ಅದಕ್ಕೆ ಬ್ರೇಕ್ ಬೇಕು. ತಾನಾಗಿ ನಿಲ್ಲುವ ಗುಣಕ್ಕೆ ತೆರುವ ದಂಡ ಎಂದರೆ ದಕ್ಷತೆ ಸುಮಾರು 36 ಪ್ರತಿಶತಕ್ಕೆ ಇಳಿಯುವುದು. 20 ಸೆಕೆಂಡಿನಲ್ಲಿ ಪೂರ್ತಿ ಏರಬೇಕಾದರೆ ನಿಜವಾಗಿ ಬೇಕಾದ ಶಕ್ತಿ 41 ವ್ಯಾಟ್. ಸ್ಕ್ರೂ, ವರ್ಮ್ ಗೇರ್, ಮೋಟಾರುಗಳ ನಷ್ಟ ಸೇರಿ ವಿದ್ಯುತ್ ಸುಮಾರು 270 ವ್ಯಾಟ್, 24 ವೋಲ್ಟ್‌ನಲ್ಲಿ 11 ಆಂಪಿಯರ್. ಉಳಿದದ್ದೆಲ್ಲ ಬಿಸಿಯಾಗಿ ಹೋಗುವುದರಿಂದಲೇ ಇಂಥ ಆ್ಯಕ್ಚುಯೇಟರ್‌ಗಳ ಮೇಲೆ 2 ನಿಮಿಷ ಓಡಿಸಿ 18 ನಿಮಿಷ ಬಿಡಬೇಕು ಎಂಬ ಬಗೆಯ ಮಿತಿ ಬರೆದಿರುತ್ತದೆ.

ಕಂಚಿನ ನಟ್‌ನ ಉದ್ದ 32 ಮಿ.ಮೀ., ಅಂದರೆ ಎಂಟು ಮರೆ. 7,000 ನ್ಯೂಟನ್‌ಗೆ ಮರೆಯ ಮೇಲಿನ ಒತ್ತಡ ಪ್ರತಿ ಚದರ ಮಿ.ಮೀ.ಗೆ 7.7 ನ್ಯೂಟನ್, ನಿಧಾನವಾಗಿ, ಬಿಟ್ಟುಬಿಟ್ಟು ಓಡುವ ಕಂಚಿಗೆ ಇದು ತಾಳುವ ಮಟ್ಟ. ಆದರೂ ನಟ್ ಸವೆಯುವ ಭಾಗವೇ. ಅದರ ಕೆಳಗೆ 2 ಮಿ.ಮೀ. ಅಂತರ ಬಿಟ್ಟು, ಭಾರ ಹೊರದೆ ಸುಮ್ಮನೆ ಜೊತೆಗೆ ಸಾಗುವ ಉಕ್ಕಿನ ಸುರಕ್ಷಾ ನಟ್ ಕೂರಿಸಬೇಕು. ಮುಖ್ಯ ನಟ್ ಸವೆದಷ್ಟೂ ಈ ಅಂತರ ಕಿರಿದಾಗುತ್ತದೆ. ಮಧ್ಯವ್ಯಾಸದಲ್ಲಿ ಮರೆಯ ದಪ್ಪ 2 ಮಿ.ಮೀ.; ಅದರಲ್ಲಿ ಕಾಲು ಭಾಗ, ಅಂದರೆ ಅರ್ಧ ಮಿ.ಮೀ. ಸವೆದರೆ ನಟ್ ಬದಲಿಸಬೇಕು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಲು ಕವರ್‌ನಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟರೆ ಸರ್ವಿಸ್‌ಗೆ ಬಂದವರು ಕುರ್ಚಿ ಬಿಚ್ಚಬೇಕಾಗಿಲ್ಲ. ಇಷ್ಟು ಸಣ್ಣ ಕಿಂಡಿಯನ್ನು ಬಹಳ ಮಂದಿ ಏಕೆ ಬಿಡುವುದಿಲ್ಲವೋ ನನಗೆ ತಿಳಿಯದು.

ಹೈಡ್ರಾಲಿಕ್ ಲಿಫ್ಟ್ ಸದ್ದಿಲ್ಲದೆ, ನಯವಾಗಿ ನಡೆಯುತ್ತದೆ ಎಂಬುದು ನಿಜ. ಆದರೆ ಸೀಲ್ ಹಳತಾದಂತೆ ಕುರ್ಚಿ ಗಂಟೆಗೆ ಇಷ್ಟೆಂದು ಇಳಿಯತೊಡಗುತ್ತದೆ, ಎಣ್ಣೆ ಕ್ಲಿನಿಕ್‌ನ ನೆಲಕ್ಕೆ ಬರುತ್ತದೆ. ಹೊಸದಾಗಿ ಆರಂಭಿಸುವವರಿಗೆ ಸ್ಕ್ರೂ ಹೆಚ್ಚು ಕ್ಷೇಮ.

ಪಿನ್, ಬುಷ್ ಮತ್ತು ಅಲುಗಾಟ

ಮೇಲಿನ ಮತ್ತು ಕೆಳಗಿನ ಕೊಂಡಿಗಳ ನಡುವೆ 120 ಮಿ.ಮೀ. ಅಂತರವಿದ್ದು, ಗುರುತ್ವಕೇಂದ್ರ ಆಸನದ ಪಿನ್‌ಗಳಿಂದ 250 ಮಿ.ಮೀ. ಆಚೆ ಇದ್ದರೆ 515 ನ್ಯೂಟನ್-ಮೀಟರ್ ತಿರುಗುಬಲವನ್ನು ಕೊಂಡಿಗಳು ತಡೆಯಬೇಕು; ಒಂದರಲ್ಲಿ ಸುಮಾರು 4,300 ನ್ಯೂಟನ್ ಎಳೆತ, ಇನ್ನೊಂದರಲ್ಲಿ ಅಷ್ಟೇ ಒತ್ತಡ. 25 ಮಿ.ಮೀ. ಉಕ್ಕಿನ ಪಿನ್‌ಗೆ ಇದೇನೂ ದೊಡ್ಡ ಭಾರವಲ್ಲ. ಇಲ್ಲಿ ಕಾಡುವುದು ಬಲವಲ್ಲ, ಸಡಿಲ. ಒಂದು ಪಿನ್ನಿನಲ್ಲಿ 0.1 ಮಿ.ಮೀ. ಸಡಿಲವಿದ್ದರೆ, 120 ಮಿ.ಮೀ. ಅಂತರದ ಮೇಲೆ ಹುಟ್ಟಿದ ಆ ಓಲಾಟ 1,000 ಮಿ.ಮೀ. ದೂರದ ತಲೆಯ ಬಳಿ 0.8 ಮಿ.ಮೀ. ಆಗುತ್ತದೆ. ನಾಲ್ಕು ಪಿನ್‌ಗಳದ್ದೂ ಒಂದೇ ದಿಕ್ಕಿಗೆ ಕೂಡಿದರೆ 3 ಮಿ.ಮೀ. ದಾಟುತ್ತದೆ. ರೂಟ್ ಕೆನಾಲ್ ಮಾಡುತ್ತಿರುವ ವೈದ್ಯರಿಗೆ 3 ಮಿ.ಮೀ. ಎಂದರೆ ಏನೆಂದು ಅವರನ್ನೇ ಕೇಳಬೇಕು.

ಆದ್ದರಿಂದ ರಂಧ್ರಕ್ಕೆ ಎಚ್7, ಪಿನ್‌ಗೆ ಎಫ್7 ಸಹಿಷ್ಣುತೆ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸದ ದರ್ಜೆ) ಕೊಡಬೇಕು, 25 ಮಿ.ಮೀ. ವ್ಯಾಸದಲ್ಲಿ ಸಡಿಲ 0.020ರಿಂದ 0.062 ಮಿ.ಮೀ. ಒಳಗೆ ಉಳಿಯುತ್ತದೆ. ಡ್ರಾಯಿಂಗ್‌ನಲ್ಲಿ ಬರೆದರೆ ಸಾಲದು, ತಯಾರಿಕೆಯ ಕ್ರಮವೂ ಸರಿಯಿರಬೇಕು. ರಂಧ್ರ ಕೊರೆದ ತಟ್ಟೆಗಳನ್ನು ಆಮೇಲೆ ವೆಲ್ಡ್ ಮಾಡಿದರೆ ಬಿಸಿಗೆ ಅವು ಎಳೆದುಕೊಂಡು ಎಡ ಬಲದ ರಂಧ್ರಗಳು ಒಂದೇ ಗೆರೆಯಲ್ಲಿ ಉಳಿಯುವುದಿಲ್ಲ. ಆಗ ಫಿಟ್ಟರ್ ರಂಧ್ರವನ್ನು ರೀಮರ್ ಹಾಕಿ ಅಗಲಿಸುತ್ತಾರೆ, ಪಿನ್ ಕೂರುತ್ತದೆ, ಸಡಿಲ ಶಾಶ್ವತವಾಗುತ್ತದೆ. ಮೊದಲು ವೆಲ್ಡಿಂಗ್, ಅನಂತರ ಒತ್ತಡ ನಿವಾರಣೆಯ ಶಾಖೋಪಚಾರ, ಕೊನೆಯಲ್ಲಿ ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಬದಿಯ ಬೋರಿಂಗ್ ಎಂಬ ಕ್ರಮವನ್ನು ಡ್ರಾಯಿಂಗ್‌ನ ಮೇಲೆಯೇ ಬರೆದುಬಿಡುವುದು ಉತ್ತಮ.

ಪಕ್ಕಕ್ಕೆ ಓಲುವುದನ್ನೂ ಮರೆಯಬಾರದು. ರೋಗಿ ಹತ್ತುವಾಗ ಮೊದಲು ಕೂರುವುದು ಆಸನದ ಅಂಚಿನಲ್ಲಿ, ನಡುಗೆರೆಯಿಂದ 250 ಮಿ.ಮೀ. ಆಚೆ, ಕೊಂಡಿಗಳ ಮೇಲೆ 330 ನ್ಯೂಟನ್-ಮೀಟರ್ ತಿರುಚುವ ಬಲ ಬೀಳುತ್ತದೆ. ಎರಡು ಬಿಡಿ ಪಟ್ಟಿಗಳು ಇದನ್ನು ತಡೆಯಲಾರವು. ಕೆಳಗಿನ ಕೊಂಡಿಯನ್ನಾದರೂ 250 ಮಿ.ಮೀ. ಅಗಲದ, ಮುಚ್ಚಿದ ಪೆಟ್ಟಿಗೆಯ ಆಕಾರದಲ್ಲಿ 6 ಮಿ.ಮೀ. ತಟ್ಟೆಯಿಂದ ಕಟ್ಟಬೇಕು, ಬುಷ್‌ಗಳನ್ನು ಸಾಧ್ಯವಾದಷ್ಟು ದೂರ ದೂರ ಇಡಬೇಕು.

ಬೇಸ್ ಮತ್ತು ನೆಲ

ಬೇಸ್‌ನ ಲೆಕ್ಕದಲ್ಲಿ ನೋಡಬೇಕಾದದ್ದು ಸರಿಯಾಗಿ ಮಲಗಿದ ರೋಗಿಯನ್ನಲ್ಲ, ಕಾಲಾಸರೆಯ ತುದಿಯಲ್ಲಿ ಕುಳಿತು ಚಪ್ಪಲಿ ಹಾಕಿಕೊಳ್ಳುವ ರೋಗಿಯನ್ನು. 135 ಕೆ.ಜಿ. ತೂಕ ಬೇಸ್‌ನ ಅಂಚಿನಿಂದ 550 ಮಿ.ಮೀ. ಆಚೆ ಇದ್ದರೆ ಉರುಳಿಸುವ ಬಲ 728 ನ್ಯೂಟನ್-ಮೀಟರ್. 130 ಕೆ.ಜಿ. ಕುರ್ಚಿಯ ಗುರುತ್ವಕೇಂದ್ರ ಅಂಚಿನಿಂದ 350 ಮಿ.ಮೀ. ಒಳಗಿದ್ದರೆ ತಡೆಯುವ ಬಲ 446 ಮಾತ್ರ. ಕುರ್ಚಿ ಮಗುಚುತ್ತದೆ. ಹಿಂಬದಿಯಲ್ಲಿ, ಅಂಚಿನಿಂದ 700 ಮಿ.ಮೀ. ದೂರದಲ್ಲಿ ಆಂಕರ್ ಬೋಲ್ಟ್ ಹಾಕಿದರೆ ಅವು ಹಿಡಿಯಬೇಕಾದದ್ದು ಸುಮಾರು 400 ನ್ಯೂಟನ್. ನಾಲ್ಕು ಪಟ್ಟು ಸುರಕ್ಷೆ ಇಟ್ಟರೂ 1,600. ಬೋಲ್ಟ್‌ಗೆ ಇದು ಏನೇನೂ ಅಲ್ಲ, ಆದರೆ ಬೋಲ್ಟ್ ಟೈಲ್ಸ್ ಮತ್ತು ಅದರ ಕೆಳಗಿನ ಗಾರೆಯನ್ನು ದಾಟಿ ಕಾಂಕ್ರೀಟ್ ಮುಟ್ಟಿರಬೇಕು. ಬಾಡಿಗೆ ಕಟ್ಟಡದ ಮಾಲೀಕರು ನೆಲ ಕೊರೆಯಲು ಒಪ್ಪದಿರುವುದು ಸಾಮಾನ್ಯವಾದ್ದರಿಂದ ಬೇಸ್ ಪ್ಲೇಟನ್ನು ಕಾಲಿನ ಕಡೆಗೆ 300 ಮಿ.ಮೀ. ಉದ್ದ ಮಾಡುವ ಆಯ್ಕೆಯನ್ನೂ ವಿನ್ಯಾಸದಲ್ಲಿ ಇಡಬೇಕು.

ಬೆರಳು ಸಿಕ್ಕುವ ಜಾಗಗಳು

ಇಳಿಯುವ ಕುರ್ಚಿಯ ಕೆಳಗೆ ವೈದ್ಯರ ಪಾದ, ಸಹಾಯಕರ ಸ್ಟೂಲು, ಜೊತೆಗೆ ಬಂದ ಮಗುವಿನ ಕೈ ಎಲ್ಲವೂ ಇರಬಹುದು. ಚಲಿಸುವ ಭಾಗಗಳ ನಡುವೆ ಬೆರಳಿಗೆ ಕನಿಷ್ಠ 25 ಮಿ.ಮೀ., ಪಾದಕ್ಕೆ 120 ಮಿ.ಮೀ. ಅಂತರ ಉಳಿಯಬೇಕು, ಉಳಿಸಲಾಗದ ಕಡೆ ಬೆಲ್ಲೋಸ್ ಅಥವಾ ಕವರ್‌ನಿಂದ ಮುಚ್ಚಬೇಕು. ಇಳಿಯುವಾಗ ಎಳೆಯದೆ, ಏರುವಾಗ ಮಾತ್ರ ತಳ್ಳುವ ಆ್ಯಕ್ಚುಯೇಟರ್ ಇದ್ದರೆ ಮೋಟಾರಿನ ಬಲ ಅಡಚಣೆಯ ಮೇಲೆ ಬೀಳುವುದಿಲ್ಲ ಎನ್ನುತ್ತಾರೆ. ನಿಜ, ಆದರೆ 210 ಕೆ.ಜಿ. ತೂಕ ಬಿದ್ದೇ ಬೀಳುತ್ತದೆ. ಆದ್ದರಿಂದ ಆಸನದ ಕೆಳಗಿನ ಕವರ್ ಮತ್ತು ಬೆನ್ನಾಸರೆಯ ಅಡಿಭಾಗ ಎರಡನ್ನೂ ಸ್ಪ್ರಿಂಗ್ ಮೇಲೆ ತೇಲುವ ತಟ್ಟೆಗಳಾಗಿ ಮಾಡಿ, ತಾಗಿದ ಕೂಡಲೇ ಮೈಕ್ರೋಸ್ವಿಚ್ ಚಲನೆಯನ್ನು ನಿಲ್ಲಿಸಿ ತುಸು ಹಿಂದಿರುಗಿಸುವಂತೆ ವೈರಿಂಗ್ ಮಾಡಬೇಕು. ಸ್ವಿಚ್‌ನ ತಂತಿ ತುಂಡಾದರೂ ಕುರ್ಚಿ ನಿಲ್ಲುವಂತಿರಬೇಕು, ಅಂದರೆ ಮಾಮೂಲು ಸ್ಥಿತಿಯಲ್ಲಿ ಮುಚ್ಚಿರುವ ಸಂಪರ್ಕವನ್ನೇ ಬಳಸಬೇಕು. ಹಲ್ಲು ಕೊರೆಯುವ ಟರ್ಬೈನ್ ತಿರುಗುತ್ತಿರುವಾಗ ಕುರ್ಚಿ ಅಲುಗದಂತೆ ಬೀಗ ಇರಬೇಕು. ಕರೆಂಟ್ ಹೋದಾಗ ರೋಗಿಯನ್ನು ಎಬ್ಬಿಸಲು 12 ವೋಲ್ಟ್‌ನ ಎರಡು ಸಣ್ಣ ಬ್ಯಾಟರಿಗಳು ಬೇಸ್‌ನೊಳಗೇ ಹಿಡಿಯುತ್ತವೆ.

ಪರೀಕ್ಷೆ

ದಿನಕ್ಕೆ 15 ರೋಗಿಗಳು, ಪ್ರತಿಯೊಬ್ಬರಿಗೂ ಎರಡು ಏರಿಳಿತ, ವರ್ಷಕ್ಕೆ 300 ದಿನ, ಹತ್ತು ವರ್ಷ ಎಂದು ಹಿಡಿದರೆ 90,000 ಸುತ್ತು. ಮರಳು ಚೀಲಗಳನ್ನು ದೇಹದ ತೂಕದ ಹಂಚಿಕೆಯಂತೆ ಕಟ್ಟಿ, ಆ್ಯಕ್ಚುಯೇಟರ್‌ಗೆ ತಣಿಯಲು ಬಿಡುವು ಕೊಡುತ್ತಾ ಇಷ್ಟು ಸುತ್ತು ಓಡಿಸಬೇಕು. ಬಿಡುವು ಕೊಡದೆ ಓಡಿಸಿದರೆ ಪರೀಕ್ಷೆಯಾಗುವುದು ಮೋಟಾರಿನ ವೈಂಡಿಂಗ್ ಮಾತ್ರ. ಭಾರತದಲ್ಲಿ ಮಾರುವ ಉದ್ದೇಶವಿದ್ದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಈ ಪರೀಕ್ಷೆಯ ದಾಖಲೆಗಳು ಬೇಕಾಗುತ್ತವೆ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ನಿಯಂತ್ರಣದ ವ್ಯಾಪ್ತಿಗೆ ಬಂದಿವೆ.

ಸುತ್ತುಗಳ ಮೊದಲು ಒಮ್ಮೆ, ಪ್ರತಿ 10,000 ಸುತ್ತಿಗೊಮ್ಮೆ, ಕೊನೆಯಲ್ಲಿ ಒಮ್ಮೆ ಎರಡು ಅಳತೆ ತೆಗೆಯಬೇಕು. ಸುರಕ್ಷಾ ನಟ್‌ನ ಅಂತರವನ್ನು ಫೀಲರ್ ಗೇಜ್‌ನಿಂದ ನೋಡುವುದು ಮೊದಲನೆಯದು. ಎರಡನೆಯದಕ್ಕೆ ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸಿದ ಸ್ಟ್ಯಾಂಡಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಹೆಡ್‌ರೆಸ್ಟ್‌ನ ಲೋಹದ ಅಂಚಿಗೆ ತಾಗಿಸಿ, ಸ್ಪ್ರಿಂಗ್ ತಕ್ಕಡಿಯಿಂದ 5 ಕೆ.ಜಿ. ಬಲದಷ್ಟು ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದು ಮುಳ್ಳು ಎಷ್ಟು ಓಡಾಡಿತು ಎಂದು ಬರೆದುಕೊಳ್ಳಬೇಕು. ಮೊದಲ ಅಳತೆಯಲ್ಲಿಯೇ ಮುಳ್ಳು 2 ಮಿ.ಮೀ. ದಾಟಿದರೆ ಸುತ್ತುಗಳನ್ನು ಆರಂಭಿಸದೆ ಕೊಂಡಿಗಳನ್ನು ಬಿಚ್ಚಿ ಬುಷ್‌ಗಳ ಬೋರಿಂಗ್ ನೋಡಬೇಕು. ಮೊದಲು ಸರಿಯಿದ್ದು ಆಮೇಲೆ ದಾಟಿದರೆ ಯಾವ ಪಿನ್ನಿನ ಬುಷ್ ಎಂಬುದನ್ನು ಗೇಜನ್ನು ಒಂದೊಂದೇ ಕೀಲಿನ ಬಳಿಗೆ ಇಳಿಸುತ್ತಾ ಹುಡುಕಿ, ಅಲ್ಲಿಯ ಬುಷ್‌ನ ಉದ್ದವನ್ನು ಹೆಚ್ಚಿಸಿ, ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಆರಂಭಿಸಬೇಕು.